ಅಂಕಿಗಳಿಗೆ ಬಣ್ಣ ಹಚ್ಚಿದ ಫ್ಲಾರೆನ್ಸ್ ನೈಟಿಂಗೇಲ್

ಚೆನ್ನೈ ಬಂದರಿನ ಉತ್ತರದ ಅಂಚಿಗೆ ತಗುಲಿಕೊಂಡಿರುವ ಕಾಸಿಮೇಡಿನ ಮೀನುಗಾರರಿಗೆ ಅಕ್ಷರಗಳಿಲ್ಲದ ಒಂದು ಲಿಪಿ ತಲೆಮಾರುಗಳಿಂದ ಪರಿಚಿತ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಚಂಡಮಾರುತದ ಲಕ್ಷಣ ಕಂಡೊಡನೆ ಬಂದರಿನ ಕಂಬಕ್ಕೆ ಶಂಕುವಿನ ಆಕಾರದ, ಪೀಪಾಯಿಯ ಆಕಾರದ ಗುರುತುಗಳನ್ನು ಏರಿಸುತ್ತಾರೆ. ರಾತ್ರಿಯಾದರೆ ಅದೇ ಸಂದೇಶವನ್ನು ಕೆಂಪು ಬಿಳಿ ದೀಪಗಳು ಹೇಳುತ್ತವೆ. ಒಂದನೆಯ ಗುರುತಿನಿಂದ ಹನ್ನೊಂದನೆಯ ಗುರುತಿನವರೆಗೆ ಅಪಾಯದ ಮೆಟ್ಟಿಲುಗಳು. ತಮಿಳರು ಇದನ್ನು ‘ಕೂಂಡು’ ಏರಿಸುವುದು ಎನ್ನುತ್ತಾರೆ, ಅಂದರೆ ಪಂಜರ. ಮಳೆಗಾಲದ ನಮ್ಮ ಚೆನ್ನೈಯ ಸುದ್ದಿಗಳಲ್ಲಿ ಎಷ್ಟನೆಯ ನಂಬರಿನ ಕೂಂಡು ಏರಿದೆ ಎಂಬುದು ಮೊದಲ ಸಾಲು. ಗಾಳಿಯ ವೇಗವೆಷ್ಟು, ಸುಳಿಯ ಕೇಂದ್ರ ಎಲ್ಲಿದೆ, ಅದು ಬಂದರಿನ ಎಡಕ್ಕೆ ದಾಟುವುದೋ ಬಲಕ್ಕೆ ದಾಟುವುದೋ ಎಂಬ ಲೆಕ್ಕಾಚಾರವೆಲ್ಲ ಕಂಬದ ಮೇಲಿನ ಆ ಒಂದೆರಡು ಆಕಾರಗಳಲ್ಲಿ ಅಡಗಿರುತ್ತದೆ. ಓದು ಬಾರದವನೂ ಕತ್ತೆತ್ತಿ ನೋಡಿ ದೋಣಿಯನ್ನು ದಡಕ್ಕೆ ಎಳೆಯುತ್ತಾನೆ.

ಸಂಖ್ಯೆಯನ್ನು ಆಕಾರವಾಗಿಸಿ, ಬಣ್ಣವಾಗಿಸಿ, ನೋಡುವವನ ಎದೆಗೆ ನೇರವಾಗಿ ತಾಗಿಸುವ ಈ ವಿದ್ಯೆ ಇಂದು ದೊಡ್ಡ ಉದ್ಯೋಗವಾಗಿ ಬೆಳೆದಿದೆ. ನಮ್ಮ ಮನೆಗಳ ಮಕ್ಕಳು ಅನೇಕರು ಗಣಕಯಂತ್ರದ ಮುಂದೆ ಕುಳಿತು ಮಾಡುತ್ತಿರುವ ಕೆಲಸವೂ ಇದೇ. 2020ರ ಕೊರೋನಾ ದಿನಗಳಲ್ಲಿ ಚೆನ್ನೈ ಮಹಾನಗರಪಾಲಿಕೆ ವಲಯವಾರು ಅಂಕಿಗಳನ್ನು ಪ್ರತಿದಿನ ಹೊರಡಿಸುತ್ತಿದ್ದುದು, ಕಾಸಿಮೇಡಿನ ಪಕ್ಕದ ರಾಯಪುರಂ ವಲಯ ದಿನಗಟ್ಟಲೆ ಪಟ್ಟಿಯ ತುದಿಯಲ್ಲೇ ನಿಂತಿದ್ದುದು, ನಾವೆಲ್ಲ ಬೆಳಗಿನ ಕಾಫಿಯ ಜೊತೆಗೆ ಏರುವ ಗೆರೆಯನ್ನು ದಿಗಿಲಿನಿಂದ ನೋಡುತ್ತಿದ್ದುದು ಯಾರಿಗೂ ಮರೆತಿರಲಾರದು. ಆದರೆ ರೋಗವನ್ನೂ ಸಾವನ್ನೂ ಹೀಗೆ ಚಿತ್ರವಾಗಿ ಬರೆದು ಒಂದು ಸರಕಾರವನ್ನು ಬಗ್ಗಿಸಿದವರಲ್ಲಿ ಮೊದಲ ಸಾಲಿನವರು ಯಾರು ಎಂದು ಕೇಳಿದರೆ ಬರುವ ಉತ್ತರ ಹಲವರಿಗೆ ಅಚ್ಚರಿ ತಂದೀತು. ನಮ್ಮ ಪ್ರಾಥಮಿಕ ಶಾಲೆಯ ಪಾಠದಲ್ಲಿ ಕೈಯಲ್ಲಿ ದೀಪ ಹಿಡಿದು ಗಾಯಾಳುಗಳ ನಡುವೆ ಸುಳಿದಾಡಿದ ಆ ಮಹಾತಾಯಿಯೇ ಅವರು. ದೀಪದ ಕಥೆಯನ್ನು ನಾವು ಬಾಯಿಪಾಠ ಮಾಡಿದೆವು. ದೀಪದ ಬೆಳಕಿನಲ್ಲಿ ಆಕೆ ಬರೆದ ಲೆಕ್ಕದ ಹಾಳೆಗಳನ್ನು ಮಾತ್ರ ಪಾಠ ಬರೆದವರು ಬಿಟ್ಟುಬಿಟ್ಟರು.

ಫ್ಲಾರೆನ್ಸ್ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ಒಂದು ವರ್ಷ ಹಿಂದೆ ನೇಪಲ್ಸ್‌ನಲ್ಲಿ ಹುಟ್ಟಿದ ಅಕ್ಕನಿಗೆ ಆ ಊರಿನ ಪುರಾತನ ಗ್ರೀಕ್ ಹೆಸರಾದ ಪಾರ್ಥೆನೋಪ್ ಎಂದು ಹೆಸರಿಟ್ಟಿದ್ದರು. ತಂದೆ ವಿಲಿಯಂ ನೈಟಿಂಗೇಲ್ ಸ್ಥಿತಿವಂತರು. ಬೇಸಿಗೆಗೊಂದು, ಚಳಿಗಾಲಕ್ಕೊಂದು ಮನೆ. ತಾಯಿಯ ತಂದೆ ವಿಲಿಯಂ ಸ್ಮಿತ್ ಗುಲಾಮಗಿರಿಯ ವಿರುದ್ಧ ಪಾರ್ಲಿಮೆಂಟಿನಲ್ಲಿ ಹೋರಾಡಿದವರು. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಕಾಲದಲ್ಲಿ ತಂದೆಯೇ ಗುರುವಾಗಿ ಗ್ರೀಕ್, ಲ್ಯಾಟಿನ್, ಚರಿತ್ರೆ, ತತ್ತ್ವಶಾಸ್ತ್ರಗಳನ್ನು ಕಲಿಸಿದರು. ಹುಡುಗಿಗೆ ಎಣಿಸುವ, ಪಟ್ಟಿ ಮಾಡುವ ಹುಚ್ಚು. ಕಡಲ ಚಿಪ್ಪುಗಳನ್ನು ಕೂಡಿಹಾಕಿದರೆ ಅವುಗಳಿಗೊಂದು ಪಟ್ಟಿ. ಇಪ್ಪತ್ತರ ವಯಸ್ಸಿನಲ್ಲಿ ಗಣಿತ ಕಲಿಯಬೇಕೆಂದು ಹಟ ಹಿಡಿದಾಗ ತಾಯಿಗೆ ಅದು ರುಚಿಸಲಿಲ್ಲ. ಮದುವೆಯಾಗಿ ಹೋಗುವವಳಿಗೆ ಬೀಜಗಣಿತ ಏತಕ್ಕೆ? ಈ ಪ್ರಶ್ನೆಯನ್ನು ನಮ್ಮ ಅಜ್ಜಿಯಂದಿರ ತಾಯಂದಿರೂ ಕೇಳಿದ್ದರು ಎಂಬುದನ್ನು ನೆನೆದರೆ ಆ ತಾಯಿಯ ಮೇಲೆ ಕೋಪ ಬರುವುದಿಲ್ಲ. ಕೊನೆಗೆ ಬಹಳ ಬೇಡಿಕೆಯ ಬಳಿಕ ಪಾಠಕ್ಕೆ ಅನುಮತಿ ದೊರೆಯಿತು.

ಹದಿನಾರರ ವಯಸ್ಸಿನಲ್ಲಿ, 1837ರ ಫೆಬ್ರವರಿಯಲ್ಲಿ, ದೇವರು ತನ್ನನ್ನು ಸೇವೆಗೆ ಕರೆದನೆಂಬ ಅನುಭವ ಆಕೆಗೆ ಆಯಿತು. ಯಾವ ಸೇವೆ ಎಂಬುದು ತಿಳಿಯಲು ವರ್ಷಗಳೇ ಹಿಡಿದವು. ದಾದಿಯ ಕೆಲಸವೆಂದು ತೀರ್ಮಾನಿಸಿದಾಗ ಮನೆಯಲ್ಲಿ ಕೋಲಾಹಲ. ಆಗಿನ ಇಂಗ್ಲೆಂಡಿನಲ್ಲಿ ಆಸ್ಪತ್ರೆಯ ದಾದಿ ಎಂದರೆ ಮರ್ಯಾದಸ್ಥರು ಮೂಗು ಮುರಿಯುವ ಕೆಲಸ. ಕಾಯುತ್ತ ಕುಳಿತ ಆ ವರ್ಷಗಳಲ್ಲಿ ಆಕೆ ಬೆಳಗಾಗುವ ಮುನ್ನವೇ ಎದ್ದು, ಮೇಣದ ಬತ್ತಿಯ ಬೆಳಕಿನಲ್ಲಿ, ಸರಕಾರದ ಆರೋಗ್ಯ ವರದಿಗಳನ್ನೂ ಆಸ್ಪತ್ರೆಗಳ ಅಂಕಿಅಂಶಗಳನ್ನೂ ಓದಿ ಟಿಪ್ಪಣಿ ಮಾಡುತ್ತಿದ್ದರು. ಉಪಾಹಾರದ ಗಂಟೆ ಹೊಡೆದಾಗ ಕೆಳಗಿಳಿದು ಬಂದು ಮನೆಮಗಳಾಗಿ ಕುಳಿತುಕೊಳ್ಳುತ್ತಿದ್ದರು. 1849ರಲ್ಲಿ, ಬಹುಕಾಲ ತನ್ನನ್ನು ಬಯಸಿದ್ದ ರಿಚರ್ಡ್ ಮಾಂಕ್ಟನ್ ಮಿಲ್ನ್ಸ್ ಎಂಬ ಗಣ್ಯನ ಕೈಹಿಡಿಯಲು ನಿರಾಕರಿಸಿದರು. 1851ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ಟ್‌ನಲ್ಲಿ ಮೂರು ತಿಂಗಳ ಶಿಕ್ಷಣ, 1853ರಲ್ಲಿ ಲಂಡನ್ನಿನ ಹಾರ್ಲಿ ಬೀದಿಯ ಸಣ್ಣ ಆಸ್ಪತ್ರೆಯೊಂದರ ಮೇಲ್ವಿಚಾರಣೆ. ಅಲ್ಲಿಂದ ಮುಂದಿನದು ಜಗತ್ತಿಗೆ ತಿಳಿದ ಕಥೆ.

ರಷ್ಯದ ವಿರುದ್ಧ ಕ್ರಿಮಿಯಾ ಯುದ್ಧ ನಡೆಯುತ್ತಿದ್ದ 1854ರಲ್ಲಿ, ಗಾಯಗೊಂಡ ಬ್ರಿಟಿಷ್ ಸಿಪಾಯಿಗಳ ದುರವಸ್ಥೆಯ ವರದಿಗಳು ಪತ್ರಿಕೆಗಳಲ್ಲಿ ಬಂದು ಇಂಗ್ಲೆಂಡ್ ತಲ್ಲಣಿಸಿತು. ಯುದ್ಧಖಾತೆಯ ಸಚಿವ ಸಿಡ್ನಿ ಹರ್ಬರ್ಟ್ ಆಕೆಯ ಸ್ನೇಹಿತರು. ಅವರ ಕೋರಿಕೆಯಂತೆ ಅಕ್ಟೋಬರ್ 21ರಂದು 38 ದಾದಿಯರೊಡನೆ ಹೊರಟು ನವೆಂಬರ್ 4ರಂದು ಇಸ್ತಾಂಬುಲ್‌ನ ಎದುರು ದಡದ ಸ್ಕುಟಾರಿಯನ್ನು ಸೇರಿದರು. ತುರ್ಕರ ಸೈನ್ಯದ ಬೃಹತ್ ವಸತಿಗೃಹವೇ ಅಲ್ಲಿ ಆಸ್ಪತ್ರೆ. ಕೆಳಗೆ ಕಟ್ಟಿಕೊಂಡ ಚರಂಡಿಗಳು, ಮೇಲೆ ಒತ್ತೊತ್ತಾಗಿ ಮಲಗಿದ ರೋಗಿಗಳು. ಗಾಯಕ್ಕಿಂತ ಕಾಲರಾ, ಆಮಶಂಕೆ, ಟೈಫಸ್ ಜ್ವರಗಳಿಂದ ಸತ್ತವರೇ ಹೆಚ್ಚು. 1855ರ ಫೆಬ್ರವರಿಯಲ್ಲಿ ಅಲ್ಲಿಗೆ ಬಂದ ನೂರು ರೋಗಿಗಳಲ್ಲಿ ನಲವತ್ತಕ್ಕೂ ಮಿಕ್ಕಿ ಮಂದಿ ತೀರಿಕೊಂಡರು. ಮಾರ್ಚ್‌ನಲ್ಲಿ ಲಂಡನ್ನಿನಿಂದ ಬಂದ ನೈರ್ಮಲ್ಯ ಆಯೋಗ ಚರಂಡಿಗಳನ್ನು ತೊಳೆಸಿತು, ಗಾಳಿಗೆ ದಾರಿ ಮಾಡಿತು, ನೀರಿನ ಕಾಲುವೆಯಲ್ಲಿ ಕೊಳೆಯುತ್ತಿದ್ದ ಕುದುರೆಯ ಹೆಣವನ್ನು ತೆಗೆಸಿತು. ಜೂನ್ ಹೊತ್ತಿಗೆ ಸಾವಿನ ಪ್ರಮಾಣ ನೂರಕ್ಕೆ ಎರಡರ ಸುತ್ತಮುತ್ತ ಇಳಿಯಿತು.

1856ರ ಆಗಸ್ಟ್‌ನಲ್ಲಿ ತಾಯ್ನಾಡಿಗೆ ಮರಳಿದಾಗ ಆಕೆ ದೇವತೆಯಾಗಿಬಿಟ್ಟಿದ್ದರು. ಸ್ವಾಗತ ಮೆರವಣಿಗೆಗಳಿಂದ ತಪ್ಪಿಸಿಕೊಂಡು ಸದ್ದಿಲ್ಲದೆ ಮನೆ ಸೇರಿದರು. ತಲೆಯಲ್ಲಿ ಕೊರೆಯುತ್ತಿದ್ದುದು ಒಂದೇ ವಿಚಾರ. ಆ ಯುದ್ಧದಲ್ಲಿ ರೋಗದಿಂದ ಸತ್ತ ಬ್ರಿಟಿಷ್ ಸಿಪಾಯಿಗಳು 16 ಸಾವಿರಕ್ಕೂ ಮಿಕ್ಕಿ. ಶತ್ರುವಿನ ಗುಂಡು ಕತ್ತಿಗಳಿಗೆ ಬಲಿಯಾದವರು ಐದು ಸಾವಿರಕ್ಕೂ ಕಡಿಮೆ. ಆದರೆ ಈ ಲೆಕ್ಕವನ್ನು ಹೊರತೆಗೆಯುವುದೇ ಸಾಹಸವಾಯಿತು. ಆಸ್ಪತ್ರೆಯ ದಾಖಲೆಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಒಂದು ಪುಸ್ತಕ ಹೇಳುವ ಸಾವಿನ ಸಂಖ್ಯೆ ಇನ್ನೊಂದು ಪುಸ್ತಕದಲ್ಲಿಲ್ಲ.

ಇಲ್ಲಿ ಕಥೆಗೆ ವಿಲಿಯಂ ಫಾರ್ ಬರುತ್ತಾರೆ. ಇಂಗ್ಲೆಂಡಿನ ಜನನ ಮರಣ ನೋಂದಣಿ ಕಚೇರಿಯ ಅಂಕಿಅಂಶ ತಜ್ಞ, ವೃತ್ತಿಯಲ್ಲಿ ವೈದ್ಯ. ಇಬ್ಬರೂ ಕೂಡಿ ತಿಂಗಳುಗಟ್ಟಲೆ ಸಾವಿನ ಲೆಕ್ಕಗಳನ್ನು ಜರಡಿ ಹಿಡಿದರು. ಆ ಲೆಕ್ಕದಿಂದ ಹೊರಬಂದ ಸತ್ಯ ಆಕೆಗೇ ಕಹಿಯಾಗಿತ್ತು. ಸಿಪಾಯಿಗಳು ಸತ್ತದ್ದು ಹಸಿವು ಆಯಾಸಗಳಿಂದ ಎಂದು ಆಕೆ ಮೊದಲು ನಂಬಿದ್ದರು. ಸ್ಕುಟಾರಿಯ ಆಸ್ಪತ್ರೆಯ ಹೊಲಸೇ ಅವರನ್ನು ಕೊಂದಿತೆಂದು, ಅಲ್ಲಿ ಸಾವಿನ ಪ್ರಮಾಣ ಉಳಿದ ಕಡೆಗಳಿಗಿಂತ ಮಿಗಿಲಾಗಿತ್ತೆಂದು ಅಂಕಿಗಳು ತೋರಿಸಿಕೊಟ್ಟವು. ತಾನು ದೀಪ ಹಿಡಿದು ಸುತ್ತಿದ ಮನೆಯೇ ಮೃತ್ಯುವಿನ ಮನೆಯಾಗಿತ್ತು. 1857ರಲ್ಲಿ ಆಕೆ ಹಾಸಿಗೆ ಹಿಡಿದುದಕ್ಕೆ ಈ ಅರಿವಿನ ಆಘಾತವೂ ಕಾರಣವೆಂದು ವಾದಿಸುವ ಇತಿಹಾಸಕಾರರಿದ್ದಾರೆ. ಕ್ರಿಮಿಯಾದಲ್ಲಿ ಅಂಟಿದ ಜ್ವರದ ಶೇಷವೆಂದು ಹೇಳುವವರೂ ಇದ್ದಾರೆ. ಎರಡೂ ನಿಜವಿರಬಹುದು. ಅದೇನೇ ಇರಲಿ, ತನ್ನ ಕೀರ್ತಿಯ ಬುಡವನ್ನೇ ಅಲುಗಿಸುವ ಲೆಕ್ಕವನ್ನು ಆಕೆ ಬಚ್ಚಿಡಲಿಲ್ಲ. ಅದನ್ನು ಚಿತ್ರ ಬರೆದು ಊರಿಗೆಲ್ಲ ಹಂಚಿದರು. ಈ ಲೇಖಕನ ಮಟ್ಟಿಗೆ ದೀಪಕ್ಕಿಂತ ಇದೇ ದೊಡ್ಡದು.

ಆ ಚಿತ್ರವನ್ನು ಸ್ವಲ್ಪ ನಿಧಾನವಾಗಿ ನೋಡೋಣ. 1858ರಲ್ಲಿ ಅಚ್ಚಾದ ಮಡಿಕೆಯ ಹಾಳೆ ಅದು. ಹಾಳೆಯ ಮೇಲೆ ಎರಡು ಹೂವುಗಳಂತಹ ಆಕೃತಿಗಳು. ಬಲಗಡೆಯದು ದೊಡ್ಡದು, 1854ರ ಏಪ್ರಿಲ್‌ನಿಂದ 1855ರ ಮಾರ್ಚ್‌ವರೆಗಿನ ವರ್ಷ. ಎಡಗಡೆಯದು ಚಿಕ್ಕದು, ಅದರ ಮುಂದಿನ ವರ್ಷ. ಎರಡನ್ನೂ ಚುಕ್ಕಿಗೆರೆಯೊಂದು ಜೋಡಿಸುತ್ತದೆ. ವರ್ಷಕ್ಕೆ ಹನ್ನೆರಡು ತಿಂಗಳಂತೆ ಹೂವಿಗೆ ಹನ್ನೆರಡು ದಳ, ಎಲ್ಲ ದಳಗಳ ಕೋನವೂ ಒಂದೇ. ಆ ತಿಂಗಳ ಸಾವುಗಳಿಗೆ ತಕ್ಕಂತೆ ದಳ ಹೊರಚಾಚುತ್ತದೆ. ತಡೆಯಬಹುದಾಗಿದ್ದ ರೋಗಗಳ ಸಾವಿಗೆ ನೀಲಿ, ಗಾಯದ ಸಾವಿಗೆ ಕೆಂಪು, ಉಳಿದ ಕಾರಣಗಳಿಗೆ ಕಪ್ಪು. 1855ರ ಜನವರಿಯ ದಳವನ್ನು ಒಮ್ಮೆ ನೋಡಿದವರು ಮರೆಯಲಾರರು. ಆ ಒಂದು ತಿಂಗಳಲ್ಲಿ ರೋಗಕ್ಕೆ ಬಲಿಯಾದವರು 2,761, ಗಾಯಕ್ಕೆ 83, ಇತರ ಕಾರಣಗಳಿಗೆ 324. ಆಗ ಅಲ್ಲಿದ್ದ ಸೈನ್ಯ ಸುಮಾರು 32 ಸಾವಿರ. ಅದೇ ವೇಗದಲ್ಲಿ ವರ್ಷವಿಡೀ ಸಾವು ಸಂಭವಿಸಿದ್ದರೆ, ರೋಗವೊಂದೇ ಇಡೀ ಸೈನ್ಯವನ್ನು ನುಂಗಿ ಮುಗಿಸುತ್ತಿತ್ತು. ಹಾಳೆಯ ಮೇಲೆ ಇದು ದಡಕ್ಕೆ ಬಡಿದ ಅಲೆಯಂತೆ ಚಾಚಿಕೊಂಡ ನೀಲಿ. ನಡುವೆ ಎಲ್ಲೋ ಮುದುರಿಕೊಂಡ ಕೆಂಪು ಚೂರು. ಯುದ್ಧವೆಂದರೆ ಕೆಂಪು ಎಂದು ನಂಬಿದ್ದ ಮಂತ್ರಿಗಳಿಗೆ ಆ ನೀಲಿ ನುಂಗಲಾರದ ತುತ್ತಾಯಿತು.

ಇದರಲ್ಲಿ ಜಾಣತನವೂ ಇತ್ತು, ತಿದ್ದಿಕೊಳ್ಳುವ ಪ್ರಾಮಾಣಿಕತೆಯೂ ಇತ್ತು. ಮೊದಲ ಕರಡು ಚಿತ್ರಗಳಲ್ಲಿ ಸಾವಿನ ಪ್ರಮಾಣವನ್ನು ಕೇಂದ್ರದಿಂದ ಅಳೆದ ಉದ್ದದಿಂದ ತೋರಿಸಿದ್ದರು. ಆದರೆ ಕಣ್ಣು ನೋಡುವುದು ಉದ್ದವನ್ನಲ್ಲ, ಹರವನ್ನು. ಉದ್ದ ಎರಡು ಪಟ್ಟಾದರೆ ಹರವು ನಾಲ್ಕು ಪಟ್ಟಾಗಿ ಕಾಣುತ್ತದೆ; ಅದು ಉತ್ಪ್ರೇಕ್ಷೆ. ತಪ್ಪು ತಿಳಿದ ಮೇಲೆ ವರ್ಗಮೂಲದ ಲೆಕ್ಕ ಹಾಕಿ, ದಳದ ವಿಸ್ತೀರ್ಣವೇ ಸಾವಿನ ಪ್ರಮಾಣಕ್ಕೆ ಸರಿಹೊಂದುವಂತೆ ಮತ್ತೆ ಬರೆದರು. ಇಂದಿನ ಪತ್ರಿಕೆಗಳಲ್ಲಿ ಒಂದರ ಪಕ್ಕ ಎರಡು ಪಟ್ಟು ಎತ್ತರದ ರೂಪಾಯಿ ಮೂಟೆಯನ್ನೋ ಮತಪೆಟ್ಟಿಗೆಯನ್ನೋ ಬರೆದು ನಮ್ಮ ಕಣ್ಣಿಗೆ ಮಣ್ಣೆರಚುವವರಿಗೆ ಈ ಪಾಠ ಇನ್ನೂ ತಲುಪಿಲ್ಲ. ಇನ್ನು ಜಾಣತನ: ವರ್ಷವನ್ನು ಜನವರಿಯಿಂದ ಆರಂಭಿಸದೆ ಏಪ್ರಿಲ್‌ನಿಂದ ಆರಂಭಿಸಿದ್ದು. ನೈರ್ಮಲ್ಯ ಆಯೋಗ ಕೆಲಸ ಶುರುಮಾಡಿದ ಮಾರ್ಚ್ ತಿಂಗಳು ಸರಿಯಾಗಿ ಎರಡು ಹೂವುಗಳ ನಡುವಿನ ಗಡಿಯಾಯಿತು. ಚರಂಡಿ ತೊಳೆಯುವ ಮೊದಲು, ತೊಳೆದ ಮೇಲೆ. ಹೇಳಬೇಕಾದುದನ್ನು ಚಿತ್ರದ ಜೋಡಣೆಯೇ ಹೇಳಿಬಿಡುತ್ತದೆ.

ಅಂಕಿಗಳನ್ನು ಚಿತ್ರವಾಗಿಸುವುದನ್ನು ಆಕೆಯೇ ಕಂಡುಹಿಡಿದರೆಂದು ಹೇಳುವುದು ಅತಿಯಾದೀತು. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲೇ ವ್ಯಾಪಾರದ ಏರಿಳಿತಗಳನ್ನು ಗೆರೆಗಳಲ್ಲಿ ಬರೆದಿದ್ದರು. ಇಂದು ನಾವು ದಿನವೂ ಕಾಣುವ ಹೋಳು ಮಾಡಿದ ವೃತ್ತವೂ 1801ರಲ್ಲಿ ಅವರದೇ ಕೊಡುಗೆ. 1854ರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ ಕಾಲರಾ ಸಾವುಗಳನ್ನು ಬೀದಿಯ ನಕ್ಷೆಯ ಮೇಲೆ ಗುರುತಿಸಿ ಒಂದು ನೀರಿನ ಪಂಪನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿದ್ದರು. ನೈಟಿಂಗೇಲ್ ಮಾಡಿದ ಹೊಸತೆಂದರೆ ಚಿತ್ರವನ್ನು ಅಹವಾಲಾಗಿಸಿದ್ದು. ಫಾರ್ ಅವರಿಗೆ ಅಂಕಿಅಂಶಗಳು ಒಣಗಿದ್ದಷ್ಟೂ ಒಳ್ಳೆಯದೆಂಬ ಮತ. ಆಕೆಗೆ ಅದು ಒಪ್ಪಿಗೆಯಿಲ್ಲ. ರಾಣಿಯಾಗಲಿ ಪಾರ್ಲಿಮೆಂಟಿನ ಸದಸ್ಯರಾಗಲಿ ಉದ್ದುದ್ದದ ಕೋಷ್ಟಕಗಳನ್ನು ಓದುವವರಲ್ಲ; ಮಾತಿಗೆ ಕಿವುಡಾದವರನ್ನು ಕಣ್ಣಿನ ಮೂಲಕ ಹಿಡಿಯಬೇಕು ಎಂಬುದು ಆಕೆಯ ನಂಬಿಕೆ. ಇನ್ನೊಂದು ಹಾಳೆಯಲ್ಲಿ, ಯುದ್ಧವೇ ಇಲ್ಲದ ಕಾಲದಲ್ಲಿ ಇಂಗ್ಲೆಂಡಿನ ಸೇನಾ ವಸತಿಗಳಲ್ಲಿರುವ ಗಟ್ಟಿಮುಟ್ಟಾದ ಯುವಕರು ಅದೇ ವಯಸ್ಸಿನ ನಾಗರಿಕರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಸಾಯುತ್ತಿದ್ದಾರೆ ಎಂಬುದನ್ನು ಕಪ್ಪು, ಕೆಂಪು ಪಟ್ಟಿಗಳ ಜೋಡಿಗಳಲ್ಲಿ ತೋರಿಸಿದರು. ಪ್ರತಿ ಜೋಡಿಯ ಎದುರಿಗೂ ನಾಗರಿಕ, ಸಿಪಾಯಿ, ನಾಗರಿಕ, ಸಿಪಾಯಿ ಎಂದು ಹೆಸರು ಮತ್ತೆ ಮತ್ತೆ ಬರುತ್ತದೆ, ಶವಯಾತ್ರೆಯ ತಮಟೆಯ ಹಾಗೆ. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಆಕೆಯನ್ನು ಸದಸ್ಯೆಯಾಗಿ ಆರಿಸಿತು. ಆ ಗೌರವ ಪಡೆದ ಮೊದಲ ಮಹಿಳೆ. ಸೇನಾ ವಸತಿಗಳ ಗಾಳಿ, ನೀರು, ಚರಂಡಿಗಳ ಸುಧಾರಣೆ ನಿಧಾನವಾಗಿ ಆರಂಭವಾಯಿತು.

ನಮಗೆ ಹೆಚ್ಚು ಹತ್ತಿರದ ಅಧ್ಯಾಯ ಇದರ ಬಳಿಕದ್ದು. ಭಾರತಕ್ಕೆ ಒಂದು ದಿನವೂ ಬಾರದ ಈಕೆ ಸುಮಾರು ನಲವತ್ತು ವರ್ಷ ಭಾರತದ ಲೆಕ್ಕಗಳೊಂದಿಗೆ ಬಾಳಿದರು. 1857ರ ದಂಗೆಯ ಬಳಿಕ ಇಲ್ಲಿ ಬ್ರಿಟಿಷ್ ಸಿಪಾಯಿಗಳ ಸಂಖ್ಯೆ ಹೆಚ್ಚಿತು. 1859ರಲ್ಲಿ ಅವರ ಆರೋಗ್ಯದ ಬಗೆಗೆ ರಾಜ ಆಯೋಗ ನೇಮಕವಾಯಿತು. ಹೆಣ್ಣಾದ ಕಾರಣ ಆಯೋಗದಲ್ಲಿ ಆಕೆಗೆ ಕುರ್ಚಿಯಿಲ್ಲ, ಆದರೆ ಕೆಲಸದ ಬಹುಪಾಲು ಆಕೆಯ ಹಾಸಿಗೆಯ ಪಕ್ಕದಲ್ಲೇ ನಡೆಯಿತು. ಭಾರತದ ಪ್ರತಿಯೊಂದು ದಂಡಿಗೂ ಪ್ರಶ್ನಾವಳಿ ಕಳುಹಿಸಲಾಯಿತು. ಕುಡಿಯುವ ನೀರು ಎಲ್ಲಿಂದ? ಕೊಳೆನೀರು ಎಲ್ಲಿಗೆ? ಒಬ್ಬ ಸಿಪಾಯಿಗೆ ಎಷ್ಟು ಗಾಳಿ, ಎಷ್ಟು ಜಾಗ? ಉತ್ತರಗಳು ಗಾಡಿಗಟ್ಟಲೆ ಬಂದು ಬಿದ್ದವು. 1863ರಲ್ಲಿ ಹೊರಬಂದ ವರದಿ ಎರಡು ಸಂಪುಟ, ಎರಡು ಸಾವಿರಕ್ಕೂ ಹೆಚ್ಚು ಪುಟ. ಅದರ ಸಾರ ಒಂದು ಅಂಕಿಯಲ್ಲಿತ್ತು: ಭಾರತದಲ್ಲಿ ವರ್ಷಕ್ಕೆ ಸಾವಿರ ಬ್ರಿಟಿಷ್ ಸಿಪಾಯಿಗಳಲ್ಲಿ 69 ಮಂದಿ ಸಾಯುತ್ತಿದ್ದರು.

ಆ ಕಾಗದಗಳಲ್ಲಿ ನಮ್ಮ ಬೆಂಗಳೂರೂ ಇದೆ. ಆಗ ಬೆಂಗಳೂರಿನ ದಂಡು ಮದರಾಸು ಸೈನ್ಯಕ್ಕೆ ಸೇರಿತ್ತು. ಕುಡಿಯಲು ಬಳಸುವ ಹಲಸೂರು ಕೆರೆಗೇ ಹೊಲಸು ತುಂಬಿದ ಪೇಟೆಯ ಕೊಳೆನೀರೂ, ದಂಡಿನ ಬಹುಭಾಗದ ಕೊಳೆನೀರೂ ಬಂದು ಸೇರುತ್ತದೆಂದು ಅಲ್ಲಿನವರು ಬರೆದು ಕಳಿಸಿದ್ದನ್ನು ನೈಟಿಂಗೇಲ್ ಎತ್ತಿ ತೋರಿಸಿದರು. ಹಲಸೂರಿನ ದಡದಲ್ಲಿ ಸಂಜೆ ಅಡ್ಡಾಡಿದ ನಮ್ಮಲ್ಲಿ ಎಷ್ಟು ಮಂದಿಗೆ ಈ ಸಂಗತಿ ಗೊತ್ತು? ಲಂಡನ್ನಿನ ಒಂದು ಕೋಣೆಯಲ್ಲಿ ಮಲಗಿದ್ದ ಹೆಂಗಸಿಗೆ ನಮ್ಮ ಕೆರೆಯ ನೀರಿನ ಸಂಕಟ ತಿಳಿದಿತ್ತು. ಇಂತಹ ಉತ್ತರಗಳನ್ನು ಪೋಣಿಸಿ, ಭಾರತದ ನೀರಿನ ಸಾಗಣೆ, ಚರಂಡಿ, ವಸತಿಗಳ ಚಿತ್ರಗಳನ್ನು ಮರದಚ್ಚಿನಲ್ಲಿ ಕೆತ್ತಿಸಿ ಸೇರಿಸಿ, ತಮ್ಮ ಅಭಿಪ್ರಾಯಗಳನ್ನು ಪ್ರತ್ಯೇಕ ಪುಸ್ತಿಕೆಯಾಗಿಯೂ ಹೊರತಂದರು. ಸರಕಾರ ಜನರ ಕೈಗೆ ಸಿಗುವಂತೆ ಅಗ್ಗದ ಆವೃತ್ತಿ ಹೊರಡಿಸಿದಾಗ ದಂಡುಗಳ ಉತ್ತರಗಳನ್ನೂ ಆಕೆಯ ಟಿಪ್ಪಣಿಯನ್ನೂ ಅದರಿಂದ ಕೈಬಿಟ್ಟಿತು. ಆಕೆ ಸುಮ್ಮನಿರಲಿಲ್ಲ, ಹಟ ಹಿಡಿದು ಪರಿಷ್ಕೃತ ಆವೃತ್ತಿಯನ್ನು ಮಾಡಿಸಿದರು. 1864ರಲ್ಲಿ ಕಲ್ಕತ್ತ, ಮದರಾಸು, ಮುಂಬಯಿಗಳಲ್ಲಿ ನೈರ್ಮಲ್ಯ ಆಯೋಗಗಳು ಸ್ಥಾಪನೆಯಾದವು. 1866ರಲ್ಲಿ ಮದರಾಸಿನ ಗವರ್ನರಾಗಿ ಬಂದ ಲಾರ್ಡ್ ನೇಪಿಯರ್ ಆಕೆಗೆ ತುರ್ಕಿಯ ದಿನಗಳ ಪರಿಚಯ. ಹಡಗು ಹತ್ತುವ ಮುನ್ನ ಆಕೆಯನ್ನು ಕಂಡು ಮಾತನಾಡಿಯೇ ಇತ್ತ ಹೊರಟರು. ಮದರಾಸಿಗೆ ಪುಳಲ್ ಕೆರೆಯ ನೀರು ಹರಿದು ಬಂದದ್ದು 1872ರಲ್ಲಿ. 1873ರಲ್ಲಿ ಆಕೆ ಮತ್ತೆ ಲೆಕ್ಕ ತೆಗೆದಾಗ 69ರ ಅಂಕಿ 18ಕ್ಕೆ ಇಳಿದಿತ್ತು.

ಇದೆಲ್ಲ ಬಿಳಿಯ ಸಿಪಾಯಿಗಳಿಗಾಗಿ ತಾನೇ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆರಂಭದಲ್ಲಿ ಹೌದು. ಸಾಮ್ರಾಜ್ಯದ ಬಗೆಗೆ ಆಕೆಗೆ ಸಂದೇಹವಿರಲಿಲ್ಲ; ಒಳ್ಳೆಯ ಆಡಳಿತ ಕೊಡುತ್ತಿಲ್ಲವೆಂಬುದೇ ತಕರಾರು. ಆದರೆ ದಂಡಿನ ಬಾವಿಗೆ ಊರಿನ ಕೊಳೆ ಇಳಿಯುವಾಗ ದಂಡನ್ನು ಮಾತ್ರ ಚೊಕ್ಕಟ ಮಾಡಿ ಫಲವಿಲ್ಲವೆಂಬುದು ಲೆಕ್ಕದಿಂದಲೇ ಆಕೆಗೆ ಹೊಳೆಯಿತು. ಅಲ್ಲಿಂದ ದೃಷ್ಟಿ ಹಳ್ಳಿಯ ಕಡೆಗೆ, ರೈತನ ಕಡೆಗೆ, ನೀರಾವರಿಯ ಕಡೆಗೆ ತಿರುಗಿತು. ಗೋದಾವರಿಗೆ ಅಣೆಕಟ್ಟು ಕಟ್ಟಿದ ಆರ್ಥರ್ ಕಾಟನ್ ಆಕೆಯ ಸ್ನೇಹಿತರಾದರು. ಜಮೀನ್ದಾರಿ ಮತ್ತು ನೀರಾವರಿಯ ಕುರಿತು 1874ರ ಸುಮಾರಿಗೆ ಒಂದು ಪುಸ್ತಕವನ್ನೇ ಬರೆದು ಕರಡಚ್ಚು ತೆಗೆಸಿದರು. ನಂಬಬಹುದಾದ ಅಂಕಿಗಳು ಸರಕಾರದಿಂದ ಸಿಗದೆ, ಆಪ್ತರೂ ತಡೆದ ಕಾರಣ ಅದು ಪ್ರಕಟವಾಗಲೇ ಇಲ್ಲ.

ಎರಡು ವರ್ಷದಲ್ಲಿ ಆಕೆ ಹೆದರಿದ್ದು ಬಂದೇ ಬಂತು. 1876ರಿಂದ 1878ರವರೆಗಿನ ಮಹಾಕ್ಷಾಮ, ನಮ್ಮ ಹಿರಿಯರು ಧಾತು, ಈಶ್ವರ ಸಂವತ್ಸರಗಳ ಬರವೆಂದು ಹೇಳಿಕೊಂಡು ನಡುಗುತ್ತಿದ್ದುದು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ ದಾಟಿತ್ತು. 1881ರಲ್ಲಿ 42 ಲಕ್ಷಕ್ಕೆ ಕುಸಿಯಿತು. ಬಳ್ಳಾರಿ ಜಿಲ್ಲೆ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಅಲ್ಲಿಯ ಪಾಡು ಇನ್ನೂ ಕಷ್ಟ. ಹಸಿದವರು ಮದರಾಸು ನಗರಕ್ಕೆ ನಡೆದು ಬಂದರು. ಕಾಸಿಮೇಡಿಗೆ ಹೆಚ್ಚು ದೂರವಿಲ್ಲದ ರಾಯಪುರಂ ಬಳಿಯ ಮಣಿಯಗಾರರ ಛತ್ರ, 1782ರ ಕ್ಷಾಮದಲ್ಲಿ ಹುಟ್ಟಿದ ಗಂಜಿಕೇಂದ್ರ, ಮತ್ತೆ ಅಂತಹವರಿಂದ ತುಂಬಿಹೋಯಿತು. ಆಗ ಬಂದರು ಇನ್ನೂ ಆಗಿರಲಿಲ್ಲ. ಹಡಗಿನಿಂದ ಇಳಿಸಿದ ಅಕ್ಕಿ ಮೂಟೆಗಳು ಕಡಲ ತೀರದ ಮರಳಿನ ಮೇಲೆ ರಾಶಿ ಬಿದ್ದಿದ್ದವು. ಛತ್ರದಲ್ಲಿ ಜನ ಸಾಯುತ್ತಿದ್ದರು.

ಪರಿಹಾರದ ಕೆಲಸಕ್ಕೆ ಬಂದವರಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯದಷ್ಟು ಕೂಲಿ ಸಾಕೆಂದು ಸರ್ ರಿಚರ್ಡ್ ಟೆಂಪಲ್ 1877ರ ಆರಂಭದಲ್ಲಿ ಕಟ್ಟಳೆ ಮಾಡಿದರು. ಮದರಾಸಿನ ನೈರ್ಮಲ್ಯ ಕಮಿಷನರ್ ಡಾ. ಕಾರ್ನಿಷ್ ಅದನ್ನು ಅಂಕಿಗಳಿಂದಲೇ ಎದುರಿಸಿದರು. ದುಡಿಯುವ ದೇಹಕ್ಕೆ ಅದು ಸಾಲದು, ಸಾವಿನ ಲೆಕ್ಕವೇ ಸಾಕ್ಷಿ ಎಂದು ವಾದಿಸಿದರು. ಕೆಲವು ತಿಂಗಳ ಬಳಿಕ ಮದರಾಸು ಸರಕಾರ ಕೂಲಿಯ ಅಳತೆಯನ್ನು ಏರಿಸಿತು. ನೈಟಿಂಗೇಲ್ ಲಂಡನ್ನಿನಲ್ಲಿ ಕ್ಷಾಮನಿಧಿಗೆ ಬೆಂಬಲ ಕೊಟ್ಟರು. 1878ರ ಆಗಸ್ಟ್‌ನಲ್ಲಿ ಭಾರತದ ಜನತೆಯ ಕುರಿತು ಅಲ್ಲಿನ ಮಾಸಪತ್ರಿಕೆಯೊಂದರಲ್ಲಿ ಉದ್ದದ ಲೇಖನ ಬರೆದು, ಸತ್ತವರ ಸಂಖ್ಯೆಯನ್ನೂ ರೈತನನ್ನು ಹಿಂಡುವ ಬಡ್ಡಿಯ ದರವನ್ನೂ ಇಂಗ್ಲೆಂಡಿನ ಮುಖಕ್ಕೆ ಹಿಡಿದರು. ಸರಕಾರಕ್ಕೆ ಅದು ಹಿಡಿಸಲಿಲ್ಲ. ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲಿ ಸತ್ತವರು 50 ಲಕ್ಷಕ್ಕೂ ಮಿಕ್ಕಿ ಎಂದು 1880ರ ಕ್ಷಾಮ ಆಯೋಗವೇ ಕೊನೆಗೆ ಒಪ್ಪಿಕೊಂಡಿತು. ಕ್ರಿಮಿಯಾದ 16 ಸಾವಿರಕ್ಕೆ ಒಂದು ಹೂವು ಅರಳಿತು. ನಮ್ಮ 50 ಲಕ್ಷಕ್ಕೆ ಹಾಗೆ ಯಾರೂ ಬಣ್ಣ ಹಚ್ಚಿ ಬರೆಯಲಿಲ್ಲ. ಬರೆದಿದ್ದರೆ ಹಾಳೆ ಎಷ್ಟು ದೊಡ್ಡದಿರಬೇಕಿತ್ತು ಎಂದು ವರ್ಗಮೂಲ ತೆಗೆದು ನೋಡಬಹುದು: ಅದೇ ಅಳತೆಯಲ್ಲಿ, ಸುಮಾರು ಹದಿನೆಂಟು ಪಟ್ಟು ಅಗಲ, ಹದಿನೆಂಟು ಪಟ್ಟು ಎತ್ತರ.

ಆಕೆಯಲ್ಲಿ ದೋಷಗಳೂ ಇದ್ದವು. ರೋಗ ಹರಡುವುದು ಕೆಟ್ಟ ಗಾಳಿಯಿಂದ, ಹೊಲಸಿನಿಂದ ಎಂಬ ಹಳೆಯ ನಂಬಿಕೆಯನ್ನು ಬಿಡಲು ಬಹುಕಾಲ ಒಪ್ಪಲಿಲ್ಲ. ರಾಬರ್ಟ್ ಕಾಖ್ ಕಲ್ಕತ್ತೆಯಲ್ಲಿ ಕಾಲರಾ ಸೂಕ್ಷ್ಮಜೀವಿಯನ್ನು ಗುರುತಿಸಿದ್ದು 1884ರಲ್ಲಿ. ಕಾರಣದ ತಿಳಿವು ತಪ್ಪಾಗಿದ್ದರೂ ಪರಿಹಾರ ಸರಿಯಾಗಿತ್ತೆಂಬುದು ಆಕೆಯ ಅದೃಷ್ಟ: ಚರಂಡಿ ತೊಳೆದರೆ ಜನ ಬದುಕುತ್ತಿದ್ದರು. ಜೊತೆಯವರನ್ನು ದಯೆಯಿಲ್ಲದೆ ದುಡಿಸಿಕೊಳ್ಳುತ್ತಿದ್ದರು. 1861ರಲ್ಲಿ ತೀರಿಕೊಂಡ ಸಿಡ್ನಿ ಹರ್ಬರ್ಟ್ ಅವರನ್ನು ಕೊನೆಯ ಕಾಯಿಲೆಯಲ್ಲೂ ಕೆಲಸಕ್ಕೆ ತಿವಿಯುತ್ತಿದ್ದುದು ಆಕೆಯ ಚರಿತ್ರೆಯ ಮೆಚ್ಚಲಾಗದ ಪುಟ.

1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ದಾದಿಯರ ಶಾಲೆ ಆರಂಭವಾದುದು ಎಲ್ಲರಿಗೂ ತಿಳಿದದ್ದು. 1891ರಲ್ಲಿ ಇನ್ನೊಂದು ಕನಸು ಕಂಡರು. ಆಕ್ಸ್‌ಫರ್ಡ್‌ನಲ್ಲಿ ಅನ್ವಯಿಕ ಸಂಖ್ಯಾಶಾಸ್ತ್ರಕ್ಕೆ ಒಂದು ಪ್ರಾಧ್ಯಾಪಕ ಪೀಠ ಸ್ಥಾಪಿಸಿ, ಆಳುವವರಿಗೆ ಅಂಕಿಗಳನ್ನು ಓದಲು ಕಲಿಸಬೇಕೆಂಬ ಆಸೆ. ಫ್ರಾನ್ಸಿಸ್ ಗಾಲ್ಟನ್ ಅವರೊಡನೆ ಪತ್ರವ್ಯವಹಾರ ನಡೆಯಿತು. ಯೋಜನೆ ಕೈಗೂಡಲಿಲ್ಲ. ವಯಸ್ಸಾದಂತೆ, ಲೋಕದ ಕಣ್ಣು ತೆರೆಸಲು ಹೆಣಗಿದ ಆ ಕಣ್ಣುಗಳೇ ಮಂಜಾಗುತ್ತ ಬಂದವು. 1901ರ ಹೊತ್ತಿಗೆ ದೃಷ್ಟಿ ಪೂರ್ತಿ ಹೋಯಿತು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವ ಮನೆಗೆ ಬಂದಾಗ, ಅದನ್ನು ಪಡೆದ ಮೊದಲ ಮಹಿಳೆಗೆ ಅದೇನೆಂದು ಗ್ರಹಿಸುವ ಶಕ್ತಿಯೂ ಕುಂದಿತ್ತು.

1910ರ ಆಗಸ್ಟ್ 13ರಂದು, ತೊಂಬತ್ತರ ವಯಸ್ಸಿನಲ್ಲಿ, ಲಂಡನ್ನಿನ ಮನೆಯಲ್ಲಿ ನಿದ್ದೆಯಲ್ಲೇ ತೀರಿಕೊಂಡರು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿಯ ಗೌರವವನ್ನು ಕೊಡಲು ಬಂದರೆ, ಆಕೆಯ ಇಚ್ಛೆಯನ್ನು ನೆನೆದು ಬಂಧುಗಳು ಬೇಡವೆಂದರು. ಹ್ಯಾಂಪ್‌ಷೈರಿನ ಈಸ್ಟ್ ವೆಲ್ಲೋ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ, ಕುಟುಂಬದವರ ಪಕ್ಕದಲ್ಲಿ, ಆರು ಮಂದಿ ಸಿಪಾಯಿಗಳು ಹೊತ್ತು ತಂದ ದೇಹವನ್ನು ಮಣ್ಣು ಮಾಡಿದರು. ಅಲ್ಲಿಯ ಕಲ್ಲಿನ ಮೇಲೆ ಆಕೆಯ ಪಾಲಿಗೆ ಬರೆದಿರುವುದು ಹೆಸರಿನ ಎರಡು ಮೊದಲಕ್ಷರಗಳು, ಹುಟ್ಟಿದ ವರ್ಷ 1820, ತೀರಿಕೊಂಡ ವರ್ಷ 1910.